ಶೇವಂತಾಬಾಯಿಯ ರಕ್ತ, ತಮ್ಮನ ಚೀಟಿ

ತತ್ತಿ ತಿಂದರೆ ರಕ್ತದಲ್ಲಿ ಪ್ರೋಟೀನ್ ಏರುವುದಿಲ್ಲ. ದಿನಾ ಹತ್ತು ತತ್ತಿ ತಿನ್ನಿ, ಬಟ್ಟಲುಗಟ್ಟಲೆ ಬ್ಯಾಳಿ ಕುಡಿಯಿರಿ, ಲ್ಯಾಬಿನವರು ಅಳೆಯುವ ಟೋಟಲ್ ಪ್ರೋಟೀನ್ ಆರರಿಂದ ಎಂಟರ ಆಸುಪಾಸಿನಲ್ಲೇ ಇರುತ್ತದೆ. ತಿಂದದ್ದನ್ನು ಹೊಟ್ಟೆ ಪುಡಿ ಮಾಡುತ್ತದೆ. ರಕ್ತದಲ್ಲಿರುವ ಪ್ರೋಟೀನನ್ನು ದೇಹ ತಾನೇ ಕಟ್ಟುತ್ತದೆ, ಬಹಳಷ್ಟನ್ನು ಲಿವರ್, ಉಳಿದದ್ದನ್ನು ರೋಗದ ಸಂಗಡ ಗುದ್ದಾಡುವ ಕಣಗಳು. ಅದು ಒಂಬತ್ತು ದಾಟಿತೆಂದರೆ ಉಂಡದ್ದು ಹೆಚ್ಚಾಯಿತು ಎಂದಲ್ಲ, ಒಳಗೆ ಏನೋ ಕೆಟ್ಟಿದೆ, ಹುಡುಕಿ ನೋಡಿ ಎಂದು. ಇದು ನಿಮಗೆ ಗೊತ್ತಿರಬೇಕಾಗಿತ್ತು. ನಿಮಗೆ ಗೊತ್ತಿಲ್ಲದಿದ್ದರೂ ಭಾಲ್ಕಿಯ ಗೋರಖನಾಥನಿಗೆ ಗೊತ್ತಿರಬೇಕಾಗಿತ್ತು. ಅವನು ಇಪ್ಪತ್ತಮೂರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಅವನ ಅಕ್ಕನ ಕಥೆ ಇದು, ಆಕೆಯಿಂದಲೇ ಕೇಳಿ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಶೇವಂತಾಬಾಯಿಗೆ ಐವತ್ತೆರಡು. ಹುಟ್ಟಿದ್ದು ಭಾಲ್ಕಿ ತಾಲೂಕಿನ ಮೆಹಕರದಲ್ಲಿ, ಕೊಟ್ಟದ್ದು ಔರಾದ ತಾಲೂಕಿನ ಠಾಣಾ ಕುಶನೂರಕ್ಕೆ. ಗಂಡ ಕೈಲಾಶ ಮೂರು ಎಕರೆಯಲ್ಲಿ ತೊಗರಿ, ಸೋಯಾ ಹಾಕುತ್ತಾನೆ. ಮಾತು ಕಡಿಮೆ, ಬೀಡಿ ಹೆಚ್ಚು. ಒಬ್ಬಳೇ ಮಗಳು ವಿಶಾಖಾ ಬೀದರಿನಲ್ಲಿ ಬಿ.ಎಡ್. ಓದುತ್ತಾಳೆ. ಶೇವಂತಾಬಾಯಿ ಊರಿನ ಸರಕಾರಿ ಸಾಲಿಯಲ್ಲಿ ಹದಿನೇಳು ವರ್ಷದಿಂದ ಬಿಸಿಯೂಟದ ಅಡುಗೆಯಾಕಿ. ಆಕೆ ಸೇರಿದ ವರ್ಷ ಹನ್ನೊಂದು ಹುಡುಗರು ಮನೆಯಿಂದ ಡಬ್ಬಿ ತರುತ್ತಿದ್ದರು. ಯಾಕೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಆಕೆ ತನ್ನ ಪಾಡಿಗೆ ಅಡುಗೆ ಮಾಡಿದಳು. ಮೂರನೇ ತಿಂಗಳಿಗೆ ಡಬ್ಬಿ ತಾವಾಗಿಯೇ ನಿಂತವು. ಹುಡುಗರ ಮೂಗಿಗೆ ಜಾತಿ ತಿಳಿಯುವುದಿಲ್ಲ, ಒಗ್ಗರಣೆ ತಿಳಿಯುತ್ತದೆ.

ಗೋರಖನಾಥ ಆಕೆಗಿಂತ ಆರು ವರ್ಷ ಚಿಕ್ಕವನು. ತಾಯಿ ಬೇಗ ತೀರಿಕೊಂಡಿದ್ದರಿಂದ ಆಕೆ ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಇವನನ್ನು ಸಾಕಿದಳು. ಇವನು ಬೀದರಿನಲ್ಲಿ ಲ್ಯಾಬ್ ಕೋರ್ಸ್ ಓದುವಾಗ ಆಕೆಗೆ ಮದುವೆಯಾಗಿತ್ತು. ಆದರೂ ಎರಡು ದಿನಕ್ಕೊಮ್ಮೆ ಜೋಳದ ರೊಟ್ಟಿ, ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿ ಬೀದರ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಇವನು ಬಸ್ ನಿಲ್ದಾಣದಲ್ಲಿ ಕಾದು ನಿಂತು ಇಸಿದುಕೊಳ್ಳುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. 'ನನ್ನ ಸರ್ಟಿಫಿಕೇಟ್ ಮ್ಯಾಲ ಅಕ್ಕನ ಪಲ್ಯದ ಎಣ್ಣಿ ಕಲಿ ಅದ' ಎಂದು ಅವನೇ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುತ್ತಿದ್ದ. ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ. ಅದೇ ನನಗೆ ಸಿಟ್ಟು ಬರಿಸುವುದು.

ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಒಂದು ರೂಢಿ ಇದೆ. ಹೊರಗಿನವರ ರಕ್ತ ಬಂದರೆ ಕೊಳವೆಗೆ ಚೀಟಿ ಅಂಟಿಸುತ್ತಾರೆ, ಹೆಸರು, ವಯಸ್ಸು, ನಂಬರ್ ಬರೆಯುತ್ತಾರೆ, ಕಂಪ್ಯೂಟರಿಗೆ ಹಾಕುತ್ತಾರೆ. ಮನೆಯವರ ರಕ್ತಕ್ಕೆ ಇದ್ಯಾವುದೂ ಇಲ್ಲ. ಅದಕ್ಕೆ 'ಮನಿ ಸ್ಯಾಂಪಲ್' ಎನ್ನುತ್ತಾರೆ. ಮುಂಜಾನೆ ಮನೆಯಲ್ಲೇ ತೆಗೆದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿ, ಎಲ್ಲರದ್ದು ಮುಗಿದ ಮೇಲೆ ಬಾಟಲಿಯಲ್ಲಿ ಉಳಿದ ಪರೀಕ್ಷೆಯ ಔಷಧದಲ್ಲಿ ನಡೆಸುವುದು. ಫಲಿತಾಂಶ ಪ್ರಿಂಟ್ ಆಗುವುದಿಲ್ಲ, ಹರಿದ ಕಾಗದದ ಮೇಲೆ ಕೈಯಿಂದ ಬರೆದು ಕೊಡುವುದು. ಮಾಲಕನಿಗೆ ಗೊತ್ತಾಗುವುದಿಲ್ಲ, ಪುಕ್ಕಟೆ. ಯಾವ ಡಾಕ್ಟರೂ ನೋಡುವುದಿಲ್ಲ. ಇದನ್ನು ಅವರು ಪ್ರೀತಿ ಎಂದು ತಿಳಿದುಕೊಂಡಿದ್ದಾರೆ. ಮನೆಯವರೂ ಹಾಗೆಯೇ ತಿಳಿದಿದ್ದಾರೆ. 'ನಮಗೇನ್ರಿ, ನಮ್ಮ ಗೋರಖ ಇದ್ದಾನ' ಎಂದು ಶೇವಂತಾಬಾಯಿ ಓಣಿಯ ಹೆಣ್ಣುಮಕ್ಕಳ ಮುಂದೆ ಹೆಮ್ಮೆ ಪಡುತ್ತಿದ್ದಳು.

ಏಪ್ರಿಲ್ ಹದಿನಾಲ್ಕರ ಜಯಂತಿಗೆ, ಆಮೇಲೆ ಅಕ್ಟೋಬರಿನಲ್ಲಿ ಧಮ್ಮಚಕ್ರ ಪ್ರವರ್ತನ ದಿನಕ್ಕೆ ಆಕೆ ಭಾಲ್ಕಿಗೆ ತಮ್ಮನ ಮನೆಗೆ ಬರುತ್ತಿದ್ದಳು. ವರ್ಷಕ್ಕೆ ಎರಡು ಸಲ ನೀಲಿ ಅಂಚಿನ ಬಿಳಿ ಸೀರೆ, ಎರಡು ಸಲ ರಕ್ತ.

2023ರ ಫೆಬ್ರುವರಿಯಲ್ಲಿ ಸಾಲಿಯಲ್ಲಿ ಎಸ್‌ಡಿಎಂಸಿ (ಸಾಲಿ ಉಸ್ತುವಾರಿ ಸಮಿತಿ) ಸಭೆ ಆಯಿತು. ಹುಡುಗರಿಗೆ ಕೊಡುವ ತತ್ತಿಯ ಮಾತು ಬಂತು. ಕಾಗದದ ಮೇಲೆ ನೂರಾ ನಲವತ್ತು ತತ್ತಿ, ತಾಟಿನಲ್ಲಿ ನೂರಾ ಇಪ್ಪತ್ತು, ಉಳಿದದ್ದು ಎಲ್ಲಿ ಹೋಯಿತು ಎಂದು ಒಬ್ಬ ಸದಸ್ಯ ಎದ್ದು ಕೇಳಿದ. ಕಾಗದದ ಮೇಲೆ ಹುಡುಗರೂ ನೂರಾ ನಲವತ್ತು ಇದ್ದರು, ಬರುತ್ತಿದ್ದವರು ನೂರಾ ಇಪ್ಪತ್ತು. ಹಾಜರಿ ಬರೆಯುವವರನ್ನು ಯಾರೂ ಕೇಳಲಿಲ್ಲ. ಅಡುಗೆಯಾಕಿಯನ್ನು ಕೇಳಿದರು. 'ಬಾಯಿ ಮನ್ಯಾಗ ಬುರ್ಜಿ ಭಾರಿ ಆಗ್ತಿರಬೇಕು' ಎಂದ ಆ ಸದಸ್ಯ. ಎಲ್ಲರೂ ನಕ್ಕರು. ಹೆಡ್ ಮಾಸ್ತರರು ಹಾಜರಿ ಪುಸ್ತಕ ನೋಡುತ್ತ ಸಣ್ಣಗೆ ನಕ್ಕರು. ಆವತ್ತಿನಿಂದ ಶೇವಂತಾಬಾಯಿ ಸಾಲಿಯ ತತ್ತಿಯನ್ನು ಒಳಗೆ ಸುಲಿಯಲಿಲ್ಲ. ವರಾಂಡದಲ್ಲಿ, ಎಲ್ಲರ ಕಣ್ಣೆದುರು ಕುಳಿತು ಸುಲಿದಳು. ಒಡೆದ ತತ್ತಿಯನ್ನೂ ಎಣಿಸಿ ತೋರಿಸಿದಳು. ತಾನು ಒಂದು ಚೂರೂ ಬಾಯಿಗೆ ಹಾಕಲಿಲ್ಲ.

ಆ ವರ್ಷ ಜಯಂತಿಗೆ ಭಾಲ್ಕಿಗೆ ಬಂದಾಗ ಆಯಾಸ ಬಹಳ ಎಂದಳು. ಗೋರಖನಾಥ ರಕ್ತ ತೆಗೆದುಕೊಂಡು ಹೋದ. ಮಧ್ಯಾಹ್ನ ಎಲ್ಲರೂ ಉಣ್ಣಲು ಕುಳಿತಾಗ ಚೀಟಿ ತಂದು ಕೊಟ್ಟ. ಹಿಮೋಗ್ಲೋಬಿನ್ ಕಡಿಮೆ, ಪ್ರೋಟೀನ್ 8.9.

'ಅಕ್ಕಾ, ಪ್ರೋಟೀನ್ ಭಾಳ ಏರ್ಯಾದಲ್ಲ. ಸಾಲಿ ತತ್ತಿ ಛಲೋ ಹತ್ಯಾವ ನಿನಗ.'

ಚೇಷ್ಟೆ ಅಷ್ಟೇ. ಸಭೆಯ ಸುದ್ದಿ ಅವನಿಗೆ ಗೊತ್ತಿತ್ತು, ಅಕ್ಕ ಅದನ್ನು ನಕ್ಕು ಬಿಟ್ಟಿರಬೇಕು ಎಂದುಕೊಂಡಿದ್ದ. ಶೇವಂತಾಬಾಯಿ ಕೈಯಲ್ಲಿದ್ದ ತುತ್ತು ತಾಟಿಗೆ ಹಾಕಿದಳು. ಸೆರಗು ಮುಖಕ್ಕೆ ಒತ್ತಿ ಅತ್ತಳು. ಆಮೇಲೆ ಆ ಚೀಟಿ ಹರಿದು ಹಾಕು, ಯಾರಾದರೂ ನೋಡಿದರೆ ಖರೆ ಅಂತಾರ ಎಂದಳು. ಅವನು ಹರಿದ. ಈ ಮಶೀನ್ ಹಿಂಗೇ ಅಕ್ಕಾ, ಒಂದೊಂದು ಸಲ ತಪ್ಪು ತೋರಿಸ್ತದ ಎಂದ. ಕಬ್ಬಿಣದ ಗುಳಿಗೆ ತಂದುಕೊಟ್ಟ.

ಇಲ್ಲಿಂದ ಮುಂದೆ ಅವನು ಮಾಡಿದ್ದನ್ನು ನಿಧಾನಕ್ಕೆ ಓದಿ. ಅಕ್ಟೋಬರಿನಲ್ಲಿ ಮಶೀನ್ 9.4 ತೋರಿಸಿತು. ಅವನು ಚೀಟಿಯಲ್ಲಿ 7.6 ಬರೆದ. ಮುಂದಿನ ಜಯಂತಿಗೆ 9.9 ಬಂತು, 7.8 ಬರೆದ. ಅದರ ಮುಂದಿನ ಅಕ್ಟೋಬರಿನಲ್ಲಿ 10.6, ಇವನು 7.7 ಬರೆದ. ಹಿಮೋಗ್ಲೋಬಿನ್ ಮಾತ್ರ ಇದ್ದದ್ದು ಇದ್ದಂತೆಯೇ ಬರೆದ: 9.6, 8.8, 8.1. ಅರ್ಧ ಚೀಟಿ ಖರೆ, ಅರ್ಧ ಸುಳ್ಳು. ಪ್ರತಿ ಸಲ ಗುಳಿಗೆ ಬದಲಿಸಿದ. ಬೀಟ್‌ರೂಟ್ ತಿನ್ನು, ಬೆಲ್ಲ ಶೇಂಗಾ ತಿನ್ನು ಎಂದ. ಆಕೆ ತಿಂದಳು. ತಮ್ಮ ಹೇಳಿದ್ದು, ತಿನ್ನದೆ ಇರುವುದುಂಟೇ?

ಬೆನ್ನು ನೋವು ಶುರುವಾಗಿ ವರ್ಷ ಆಗಿತ್ತು. ದೊಡ್ಡ ಪಾತ್ರೆ ಎತ್ತುವವರ ಬೆನ್ನು ನೋಯುತ್ತದೆ, ಅದರಲ್ಲೇನಿದೆ ಎಂದು ಎಲ್ಲರೂ ಹೇಳಿದರು. ಆಕೆಯೂ ಹೇಳಿಕೊಂಡಳು. ಔರಾದದಲ್ಲಿ ಒಬ್ಬರು ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದರು. ಈಕೆ ಪರ್ಸಿನಿಂದ ಗೋರಖನ ಚೀಟಿ ತೆಗೆದು, ಎಲ್ಲಾ ಆಗ್ಯಾದ್ರಿ, ನಮ್ಮ ತಮ್ಮನೇ ಮಾಡ್ಯಾನ ಎಂದು ತೋರಿಸಿದಳು. ಅವರು ಅದನ್ನೇ ನೋಡಿ, ಬರೆದದ್ದನ್ನು ಹೊಡೆದು ಹಾಕಿ, ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಆ ಒಂದು ಚೀಟಿ ಇರದಿದ್ದರೆ ರೋಗ ಆವತ್ತೇ ಸಿಗುತ್ತಿತ್ತೇನೋ.

ಈ ವರ್ಷ ಜನವರಿಯಲ್ಲಿ ಒಂದು ದಿನ, ಅನ್ನದ ಪಾತ್ರೆ ಇಳಿಸುವಾಗ, ಬೆನ್ನಿನಲ್ಲಿ ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಸಂಗಡ ಅಡುಗೆ ಮಾಡುವ ಲಲಿತಾಬಾಯಿಗೂ ಆ ಸದ್ದು ಕೇಳಿತಂತೆ. ಶೇವಂತಾಬಾಯಿ ಪಾತ್ರೆ ಬೀಳಗೊಡಲಿಲ್ಲ. ನೆಲಕ್ಕೆ ಇಟ್ಟಳು, ಆಮೇಲೆ ಕುಸಿದಳು.

ವಿಶಾಖಾ ತಾಯಿಯನ್ನು ಬೀದರಿಗೆ ಒಯ್ದಳು. ಅಲ್ಲಿ ಡಾಕ್ಟರ್ ಶಿವಾನಿ ಎಂಬ ವಯಸ್ಸಿನಲ್ಲಿ ಚಿಕ್ಕವರು ಎಕ್ಸ್‌ರೇ ನೋಡಿದರು, ಬೆನ್ನೆಲುಬಿನ ಒಂದು ಮಣಿ ಚಪ್ಪಟೆಯಾಗಿತ್ತು. ಪಾತ್ರೆ ಎತ್ತಿದ ಮಾತ್ರಕ್ಕೆ ಹೀಗೆ ಮುರಿಯುವುದಿಲ್ಲ ಎಂದು ಅವರೇ ರಕ್ತ ತೆಗೆಸಿದರು, ಕೊಳವೆಯ ಮೇಲೆ ಹೆಸರು ಬರೆಸಿ. ಟೋಟಲ್ ಪ್ರೋಟೀನ್ 10.9. ಅದೇ ರಕ್ತವನ್ನು ಹೈದರಾಬಾದಿಗೆ ಕಳಿಸಿದರು. ಐದನೆಯ ದಿನ ಒಂದು ಚಿತ್ರ ಬಂತು.

ಆ ಪರೀಕ್ಷೆಗೆ ಎಲೆಕ್ಟ್ರೋಫೊರೆಸಿಸ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸರಳ. ರಕ್ತದ ಮೇಲಿನ ತಿಳಿಯನ್ನು ತೆಳುವಾದ ಜೆಲ್ಲಿಯಂಥ ಪದರದ ಮೇಲೆ ಹಾಕಿ ಕರೆಂಟ್ ಹಾಯಿಸುತ್ತಾರೆ. ಒಂದೊಂದು ಜಾತಿಯ ಪ್ರೋಟೀನ್ ಒಂದೊಂದು ದೂರ ಓಡಿ ನಿಲ್ಲುತ್ತದೆ. ಕಾಗದದ ಮೇಲೆ ಅದು ಗುಡ್ಡದ ಸಾಲಿನಂತೆ ಕಾಣುತ್ತದೆ: ಮೊದಲು ಆಲ್ಬುಮಿನ್‌ನ ಎತ್ತರದ ಗುಡ್ಡ, ಆಮೇಲೆ ಸಣ್ಣ ದಿಬ್ಬ, ಕೊನೆಗೆ ಅಗಲವಾದ ತಗ್ಗು ದಿಬ್ಬ. ಆ ಕೊನೆಯದರಲ್ಲಿ ರೋಗ ಹೊಡೆಯುವ ಪ್ರೋಟೀನುಗಳು ಇರುತ್ತವೆ. ಅವು ನೂರಾರು ತರದವು, ಅದಕ್ಕೇ ಅದು ಅಗಲ. ಶೇವಂತಾಬಾಯಿಯ ಚಿತ್ರದಲ್ಲಿ ಅಲ್ಲಿ ದಿಬ್ಬವೇ ಇರಲಿಲ್ಲ. ತೆಳ್ಳಗೆ, ನೆಟ್ಟಗೆ ಒಂದು ಗೆರೆ ಮೇಲಕ್ಕೆ ಹೋಗಿತ್ತು.

'ಹೊಲದಾಗ ಮೊಬೈಲ್ ಟವರ್ ನಿಂತಂಗ ಅದ ಅಲ್ರಿ' ಎಂದಳು ಆಕೆ.

ಡಾಕ್ಟರು ನಗಲಿಲ್ಲ. ಎಲುಬಿನ ಮಜ್ಜೆಯಲ್ಲಿ ಒಂದು ಕಣ ದಾರಿ ತಪ್ಪಿ ತನ್ನಂಥವೇ ಲಕ್ಷಗಟ್ಟಲೆ ಹುಟ್ಟಿಸಿದೆ, ಅವೆಲ್ಲ ಹಗಲು ರಾತ್ರಿ ಒಂದೇ ಒಂದು ಪ್ರೋಟೀನ್ ಮಾಡುತ್ತಿವೆ, ಅದರಿಂದ ಏನೂ ಉಪಯೋಗವಿಲ್ಲ, ಅದೇ ಕಣಗಳು ಎಲುಬನ್ನು ತಿನ್ನುತ್ತವೆ, ಆ ಪ್ರೋಟೀನ್ ಕಿಡ್ನಿಯಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರು. ಮಲ್ಟಿಪಲ್ ಮೈಲೋಮಾ, ಮಜ್ಜೆಯ ಕ್ಯಾನ್ಸರ್. ಮಜ್ಜೆಯ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡರು. ಔಷಧ ಇದೆ, ಬಹಳ ಮಂದಿ ವರ್ಷಗಟ್ಟಲೆ ಇರುತ್ತಾರೆ, ಆದರೆ ಕಿಡ್ನಿ ಆಗಲೇ ಸೋತಿದೆ ಎಂದರು. ಆಮೇಲೆ ಹಳೆಯ ರಿಪೋರ್ಟ್ ಕೇಳಿದರು. ಶೇವಂತಾಬಾಯಿ ಮೂರೂ ಚೀಟಿ ಮೇಜಿನ ಮೇಲಿಟ್ಟಳು.

ಡಾಕ್ಟರ್ ಶಿವಾನಿ ಆ ಚೀಟಿಗಳನ್ನು ತಿರುವಿ ಮುರುವಿ ನೋಡಿದರು. ಅಕ್ಟೋಬರಿನಲ್ಲಿ 7.7, ಜನವರಿಯಲ್ಲಿ 10.9. 'ಇದು ಖರೆ ಇದ್ರ ನಿಮ್ಮ ರೋಗ ಮೂರು ತಿಂಗಳದಾಗ ಓಡಿ ಬಂದದ್ರಿ ಬಾಯಿ. ಸುಳ್ಳಿದ್ರ ಎರಡು ವರ್ಷದಿಂದ ಒಳಗ ಕೂತದ. ಎರಡಕ್ಕೂ ನನ್ನ ಲೆಕ್ಕ ಬ್ಯಾರೆ ಆಗ್ತದ. ಈ ಚೀಟಿ ಕೊಟ್ಟ ಲ್ಯಾಬಿಗೆ ಹೋಗಿ ಅಸಲಿ ರಿಪೋರ್ಟ್ ತರ್ರಿ' ಎಂದರು.

ಸುಳ್ಳು ಇರಲಿಕ್ಕಿಲ್ಲ, ತಮ್ಮ ಬರೆದದ್ದು ಎಂದು ಆಕೆ ಹೇಳಿದಳಂತೆ. ಮಗಳು ಮೂರೂ ಚೀಟಿ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಬೆನ್ನಿಗೆ ಪಟ್ಟಿ ಕಟ್ಟಿಕೊಂಡು, ಮಗಳ ಹೆಗಲು ಹಿಡಿದು, ಆಕೆ ಭಾಲ್ಕಿಯ ಲ್ಯಾಬಿನ ಮೆಟ್ಟಿಲು ಹತ್ತಿದಳು. ಅಷ್ಟು ವರ್ಷದಲ್ಲಿ ಆ ಲ್ಯಾಬಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಗೋರಖನಾಥ ಯಾರದ್ದೋ ತೋಳಿಗೆ ರಬ್ಬರ್ ಕಟ್ಟುತ್ತಿದ್ದ. ಅಕ್ಕನನ್ನು ನೋಡಿ ಓಡಿ ಬಂದು ಕುರ್ಚಿ ಹಾಕಿದ. ಮಾಲಕರು ಇಲ್ಲ, ಹಳೆಯದೆಲ್ಲ ಮಶೀನಿನಿಂದ ಅಳಿಸಿ ಹೋಗುತ್ತದೆ, ಮನೆಗೆ ಹೋಗಿ ಮಾತಾಡೋಣ ಎಂದ. ಮಶೀನ್ ನೋಡಿಕೊಳ್ಳುವ ಫಿರೋಜ ಹಿಂದೆಯೇ ನಿಂತಿದ್ದ. ಇಪ್ಪತ್ತೆಂಟು ವರ್ಷದವನು, ಈ ಅಕ್ಕ ಭಾಲ್ಕಿಗೆ ಬಂದಾಗಲೆಲ್ಲ ಮಾಡಿ ಕಟ್ಟಿಕೊಡುವ ರೊಟ್ಟಿಯನ್ನು ಗೋರಖನ ಡಬ್ಬಿಯಿಂದ ಎಷ್ಟೋ ಸಲ ತಿಂದವನು.

'ಅಳಿಸಿಲ್ಲ ಮೌಸಿ, ಎಲ್ಲಾ ಅವ' ಎಂದ ಅವನು, ಗೋರಖನ ಮುಖ ನೋಡದೆ. ಗುಂಡಿ ಒತ್ತುತ್ತ ಹೋದ. ಕಂಪ್ಯೂಟರಿಗೆ ಹಾಕದಿದ್ದರೂ ಮಶೀನ್ ತಾನೇ ನೆನಪಿಟ್ಟುಕೊಂಡಿತ್ತು, ಹೆಸರಿನ ಜಾಗದಲ್ಲಿ ಬರೀ 'ಅಕ್ಕ' ಎಂದಿತ್ತು. ತಾರೀಕು ಓದಿದ, ನಂಬರ್ ಓದಿದ. ಎಂಟು ಪಾಯಿಂಟ್ ಒಂಬತ್ತು. ಒಂಬತ್ತು ಪಾಯಿಂಟ್ ನಾಲ್ಕು. ಒಂಬತ್ತು ಪಾಯಿಂಟ್ ಒಂಬತ್ತು. ಹತ್ತು ಪಾಯಿಂಟ್ ಆರು. ವಿಶಾಖಾ ಒಂದೊಂದು ಚೀಟಿಯನ್ನೂ ಒಂದೊಂದು ನಂಬರಿನ ಪಕ್ಕ ಹಿಡಿದಳು.

ಮಶೀನ್ ಮೇಲೆ ಸಂಶಯ ಬಂದಿತ್ತು ಎಂದ ಗೋರಖನಾಥ. ಹಾಗಾದರೆ ಆ ದಿನ ಬಂದ ಉಳಿದವರ ನಂಬರನ್ನೂ ಬದಲಿಸಿದಿರಾ ಮಾಮಾ ಎಂದು ವಿಶಾಖಾ ಕೇಳಿದಳು. ಇಲ್ಲ. ಅಕ್ಕನ ನಂಬರ್ ಒಂದನ್ನೇ ಬದಲಿಸಿದ್ದ. ಡಾಕ್ಟರಿಗೆ ತೋರಿಸಬೇಕೆಂದರೆ ಹೆಸರು ಹಚ್ಚಬೇಕಿತ್ತು, ಪುಕ್ಕಟೆ ಮಾಡಿದ್ದು ಮಾಲಕರಿಗೆ ಗೊತ್ತಾಗುತ್ತಿತ್ತು ಎಂದ. ಅಕ್ಕ ಹೆದರಬಾರದು ಅಂತ ಎಂದ. ಒಂದರ ಮೇಲೊಂದು ಕಾರಣ ಬಂದವು. ಕೊನೆಗೆ, ಧ್ವನಿ ಇಳಿಸಿ, ಖರೆ ಕಾರಣ ಬಂತು: 'ಆ ತತ್ತಿ ಮಾತಿಗೆ ನೀ ಆವತ್ತ ಭಾಳ ಅತ್ತಿದ್ದಿ ಅಕ್ಕಾ. ಮತ್ತ ಯಾರ ಕಣ್ಣಿಗೂ ಬೀಳಬಾರದು ಅಂತ ಕಡಿಮಿ ಬರದೆ.'

ಶೇವಂತಾಬಾಯಿ ಮಗಳ ಕೈಯಿಂದ ಚೀಟಿ ಇಸಿದುಕೊಂಡು ಮೊಣಕಾಲ ಮೇಲಿಟ್ಟಳು.

'ಅಂದ್ರ ನಾ ತತ್ತಿ ತಿಂದೀನಿ ಅಂತ ನೀನೂ ನಂಬಿದಿ.'

ಅವನು ಕೈಯಲ್ಲಿದ್ದ ರಬ್ಬರ್ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

'ಊರು ಅಂದಾಗ ನಾ ಅತ್ತೀನಿ ಖರೆ. ಅವರು ನನ್ನ ಕೈ ರೊಟ್ಟಿ ತಿಂದು ಬೆಳೆದವರಲ್ಲ. ನೀ ಬೆಳೆದವ. ನನ್ನ ಕಳ್ಳತನ ಮುಚ್ಚಾಕ ಹೋಗಿ ನನ್ನ ರೋಗ ಮುಚ್ಚಿದಿ. ಮಾಡದ ಕಳ್ಳತನ, ಗೋರಖ.'

ಇಷ್ಟೇ ಆಕೆ ಅಂದದ್ದು. ಬೈಯಲಿಲ್ಲ. ಆ ನಾಲ್ಕು ನಂಬರನ್ನು ಲ್ಯಾಬಿನ ಕಾಗದದ ಮೇಲೆ ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಡು, ಡಾಕ್ಟರು ಕೇಳಿದ್ದಾರೆ ಎಂದಳು. ಅವನು ಒಳಗೆ ಹೋದ. ಬಹಳ ಹೊತ್ತಾದ ಮೇಲೆ ಬಂದ. ಕೈಯಲ್ಲಿ ಹರಿದ ಬಿಳಿ ಕಾಗದ, ಮೇಲೆ ನಾಲ್ಕು ನಂಬರ್. ಲ್ಯಾಬಿನ ಹೆಸರಿಲ್ಲ, ಅಕ್ಕನ ಹೆಸರಿಲ್ಲ, ಅವನ ಸಹಿಯೂ ಇಲ್ಲ. ನೌಕರಿ ಹೋಗುತ್ತದೆ, ಮಕ್ಕಳಿದ್ದಾರೆ, ತಿಳಿದುಕೋ ಎಂದ.

ಎರಡು ವರ್ಷದ ಸುಳ್ಳನ್ನು ನಾನು ಹೇಗೋ ಸಹಿಸಬಲ್ಲೆ. ಹೆದರಿದ, ಮರ್ಯಾದೆ ಎಂದುಕೊಂಡ, ದಡ್ಡತನ ಎಂದು ಬಿಡಬಹುದು. ಆದರೆ ಅಕ್ಕ ಮುರಿದ ಬೆನ್ನು ಹೊತ್ತು ಎದುರಿಗೆ ಕುಳಿತಾಗ, ಅವಳ ಔಷಧಕ್ಕೆ ಒಂದು ಸಹಿ ಬೇಕಾದಾಗ, ಅವನು ಮತ್ತೊಮ್ಮೆ ಹೆಸರಿಲ್ಲದ ಚೀಟಿ ಕೊಟ್ಟ. ಇದಕ್ಕೆ ಯಾವ ದಡ್ಡತನದ ಆಸರೆಯೂ ಇಲ್ಲ.

ವಿಶಾಖಾ ಆ ಕಾಗದ ಮುಟ್ಟಲಿಲ್ಲ. ಫಿರೋಜ ಮಶೀನಿನ ಸಣ್ಣ ಕಾಗದದ ಸುರುಳಿಯಲ್ಲಿ ನಾಲ್ಕನ್ನೂ ಪ್ರಿಂಟ್ ತೆಗೆದು, ಲೆಟರ್‌ಹೆಡ್ಡಿಗೆ ಅಂಟಿಸಿ, ಶೇವಂತಾಬಾಯಿ ಕೈಲಾಶ, ಸಾಕಿನ ಠಾಣಾ ಕುಶನೂರ ಎಂದು ಪೂರ್ತಿ ಬರೆದು, ಕೆಳಗೆ ತನ್ನ ಹೆಸರು ಹಾಕಿ ಕೊಟ್ಟ. ಮರುವಾರವೇ ಅವನನ್ನು ಕೆಲಸದಿಂದ ತೆಗೆದರು, ಪುಕ್ಕಟೆ ಪರೀಕ್ಷೆ ನಡೆದದ್ದನ್ನು ಮುಚ್ಚಿಟ್ಟ ಎಂಬ ಕಾರಣಕ್ಕೆ. ಗೋರಖನಾಥ ಈಗಲೂ ಅಲ್ಲೇ ಇದ್ದಾನೆ. ಈಗ ಫಿರೋಜ ಬೀದರಿನಲ್ಲಿ ಬೇರೆ ಕಡೆ ರಕ್ತ ತೆಗೆಯುತ್ತಾನೆ.

ಡಾಕ್ಟರ್ ಶಿವಾನಿ ಆ ಕಾಗದ ನೋಡಿ ಔಷಧದ ಕ್ರಮ ಬದಲಿಸಿದರು. ವಾರಕ್ಕೊಂದು ಇಂಜೆಕ್ಷನ್, ಗುಳಿಗೆ, ಕಿಡ್ನಿಗೆ ಬೇರೆ ಪಥ್ಯ. ಟವರ್ ಈಗ ಅರ್ಧಕ್ಕೆ ಇಳಿದಿದೆ ಎಂದು ಮೊನ್ನೆಯ ಚಿತ್ರ ಹೇಳುತ್ತದೆ. ಕಿಡ್ನಿ ಮಾತ್ರ ಹಿಂದಕ್ಕೆ ಬರಲಿಲ್ಲ. ಆ ಎರಡು ವರ್ಷದಲ್ಲಿ ಹೋದದ್ದು ಹೋಯಿತು. ಸಾಲಿಯಲ್ಲಿ ಈಗ ಬೇರೆಯವರು ಅಡುಗೆ ಮಾಡುತ್ತಾರೆ. ಈ ಸಲದ ಜಯಂತಿಗೆ ಆಕೆ ಭಾಲ್ಕಿಗೆ ಹೋಗಲಿಲ್ಲ. ಗೋರಖನಾಥ ಫೋನ್ ಮಾಡಿದ. ಆಕೆ ಎತ್ತಿದಳು, ಊಟ ಆಯಿತೇ ಎಂದು ಕೇಳಿದಳು, ಇಟ್ಟಳು. ಅವನನ್ನು ಕ್ಷಮಿಸಿದಿರಾ ಎಂದು ನಾನು ಆಕೆಯನ್ನೇ ಕೇಳಿದೆ. ಇವತ್ತಿನವರೆಗೂ ಅವ ತನ್ನ ಬಾಯಿಲೆ ಆ ನಂಬರ್ ಹೇಳಿಲ್ಲರಿ, ಫಿರೋಜನ ಬಾಯಿಂದ ಕೇಳೀನಿ ಎಂದಳು.

ಈಗ ನಿಮ್ಮ ಮಾತು. ಗೋರಖನಾಥನನ್ನು ಬೈದು ಪತ್ರಿಕೆ ಮಡಚಿ ಇಡಬೇಡಿ. ನಿಮ್ಮ ಮನೆಯಲ್ಲೂ ಯಾರದ್ದೋ ಒಂದು ರಿಪೋರ್ಟ್ ಕಪಾಟಿನ ಬಟ್ಟೆಯ ಕೆಳಗೆ ಇದೆ. ಅಪ್ಪನಿಗೆ ಹೇಳಬಾರದು, ಅವ್ವ ತಡಕೊಳ್ಳುವುದಿಲ್ಲ, ಮಗಳ ಮದುವೆ ಮುಗಿಯಲಿ ಎಂದು ನೀವೇ ಇಟ್ಟದ್ದು. ಅದನ್ನು ಪ್ರೀತಿ ಎಂದು ಕರೆಯುವುದನ್ನು ಬಿಡಿ. ಎದ್ದು ಹೋಗಿ, ಅದನ್ನು ಹೊರಗೆ ತೆಗೆಯಿರಿ, ಯಾರ ರಕ್ತವೋ ಅವರ ಎದುರಿಗೆ ಕುಳಿತು, ನಿಮ್ಮ ಬಾಯಿಂದಲೇ, ಇದ್ದ ನಂಬರನ್ನು ಇದ್ದ ಹಾಗೆ ಓದಿ ಹೇಳಿ.